ಭಾನುವಾರದ ಪಂದ್ಯದಲ್ಲಿ ಟ್ಯಾಂಕ್‌ಗಳು ಬೇಕಾ, ಬೇಡವಾ? ಈ ವಾರವೇ ಹೇಳಿ ಮುಗಿಸೋಣ

ಕುಂಬಾರಗುಡ್ಡ | ಬಳ್ಳಾರಿ | ಸೋಮವಾರ ರಾತ್ರಿ 10:50

ನಿನ್ನೆಯ ಫೈನಲ್ ನೋಡಿದವರಿಗೆ ವಿಷಯ ಗೊತ್ತು. ನೋಡದವರಿಗೆ ಹೇಳುತ್ತೇನೆ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ಆಟ, ಅದರಲ್ಲಿ ವಾರ್ ಗೇಮ್ (ನಾವೇ ಏರ್ಪಡಿಸಿಕೊಳ್ಳುವ ಪಂದ್ಯ), ಅರೆನಾ ಅನ್ನುವ ಸಣ್ಣ ಕಣದಲ್ಲಿ ಇಬ್ಬರಿಗೆ ಇಬ್ಬರು. ಈ ಕಡೆ ನನ್ನ ಫ್ರಾಸ್ಟ್ ಮೇಜ್ (ಹಿಮದ ಮಾಂತ್ರಿಕ), ಮಿರ್ಚಿಯ ರೋಗ್ (ಮರೆಯಿಂದ ಬಂದು ಕತ್ತಿ ಹಾಕುವವನು). ಆ ಕಡೆ ರಾಯಚೂರಿನ ತಮ್ಮನ ಬ್ಲಡ್ ಡೆತ್ ನೈಟ್, ಸಿಂಧನೂರಿನ ಅಕ್ಕನ ಹೋಲಿ ಪ್ಯಾಲಡಿನ್. ಅಂದರೆ ಪೆಟ್ಟು ತಡೆಯುವ ಒಂದು ಟ್ಯಾಂಕ್, ಲೈಫ್ ತುಂಬುವ ಒಂದು ಹೀಲರ್.

ಎರಡು ಸಲ ಅವನ ಲೈಫ್ 8%ಗೆ ಇಳಿಯಿತು. ನಾನು ಕುರ್ಚಿ ಬಿಟ್ಟು ಎದ್ದೇ ನಿಂತಿದ್ದೆ. ಒಂದು ಡೆತ್ ಸ್ಟ್ರೈಕ್ ಹೊಡೆದ, 40% ದಾಟಿತು. ಇನ್ನೊಂದು ಹೊಡೆದ, 70%. ನಾನು ಸುಮ್ನೆ ಕೂತೆ. ಹನ್ನೊಂದು ನಿಮಿಷ ಅವನನ್ನು ಬಡಿದೆವು. ಹನ್ನೊಂದನೇ ನಿಮಿಷಕ್ಕೆ ಸತ್ತವನು ನಾನು.

ಟ್ಯಾಂಕ್ ಅಂದರೆ ಬಾಸ್ (ಆಟವೇ ಆಡಿಸುವ ದೊಡ್ಡ ರಾಕ್ಷಸ) ಮುಂದೆ ನಿಂತು ಒದೆ ತಿನ್ನುವವನು. ಅಂಥ ಬಾಸ್‌ಗಳಿರುವ ಡಂಜನ್‌ಗೆ ಅವನು ಬೇಕು, ಒಪ್ಪುತ್ತೇನೆ. ಆಟಗಾರರ ಮೇಲೆ ಆಟಗಾರರು ಹೋರಾಡುವಾಗ ಸಾಯದವನನ್ನು ಕರೆತಂದರೆ ಅದು ಪಂದ್ಯವೇ ಅಲ್ಲ. ಹಾಗಾಗಿ ನಮ್ಮ ಭಾನುವಾರದ ಪಂದ್ಯಕ್ಕೆ ಒಂದೇ ನಿಯಮ ಕೇಳುತ್ತೇನೆ: ಟ್ಯಾಂಕ್ ಸ್ಪೆಕ್ (ಪಾತ್ರಕ್ಕೆ ಆರಿಸಿಕೊಳ್ಳುವ ಪರಿಣತಿ) ಬೇಡ. ಒಪ್ಪಿಗೆ ಇದ್ದವರು ಕೆಳಗೆ ಬರೆಯಿರಿ.

ಒಗ್ಗರಣೆ_ಮಿರ್ಚಿ | ಬಳ್ಳಾರಿ | ರಾತ್ರಿ 10:58

ನಾನು ಸಾಕ್ಷಿ. ಪಂದ್ಯ ಶುರುವಾದಾಗ ತಟ್ಟೆಯಲ್ಲಿದ್ದ ಮಿರ್ಚಿ ಬಿಸಿ ಇತ್ತು. ಮುಗಿಯುವಷ್ಟರಲ್ಲಿ ಮಂಡಕ್ಕಿ ಒಗ್ಗರಣೆ ಮೆತ್ತಗಾಗಿತ್ತು. ನನ್ನ ಓಟು ಬೇಡಕ್ಕೆ.

ರಾಯಚೂರು_ರಕ್ತ | ರಾಯಚೂರು | ರಾತ್ರಿ 11:20

ಅಣ್ಣ, ಮೂರು ವಾರ ನೀವು ಗೆದ್ದಾಗ ನಿಯಮದ ಮಾತೇ ಇರಲಿಲ್ಲ. ನಿನ್ನೆ ಸೋತಿರಿ, ಇವತ್ತು ನಿಯಮ ಬೇಕು. ಇರಲಿ.

ಡೆತ್ ಸ್ಟ್ರೈಕ್ ಸುಮ್ನೆ ಲೈಫ್ ತುಂಬುವುದಿಲ್ಲ. ಹಿಂದಿನ 5 ಸೆಕೆಂಡಿನಲ್ಲಿ ನನಗೆ ಎಷ್ಟು ಪೆಟ್ಟು ಬಿದ್ದಿದೆ ಅಂತ ಲೆಕ್ಕ ಇಟ್ಟುಕೊಂಡು, ಅದರಲ್ಲಿ ಒಂದು ಪಾಲು ವಾಪಸ್ ಕೊಡುತ್ತದೆ. ನೀವಿಬ್ಬರೂ ಇದ್ದಬದ್ದ ಕೂಲ್‌ಡೌನ್ (ಒಮ್ಮೆ ಬಳಸಿದರೆ ಮತ್ತೆ ಕಾಯಬೇಕಾದ ದೊಡ್ಡ ಅಸ್ತ್ರ) ಎಲ್ಲ ಒಟ್ಟಿಗೆ ಸುರಿದು ನನ್ನನ್ನು 8%ಗೆ ತಂದಿರಿ. ಆಮೇಲೆ ನನ್ನ ಪಕ್ಕದಲ್ಲೇ ನಿಂತಿರಿ. ದೊಡ್ಡ ಪೆಟ್ಟು ಕೊಟ್ಟವರೂ ನೀವೇ, ದೊಡ್ಡ ಹೀಲ್ ಕೊಟ್ಟವರೂ ನೀವೇ.

ಅದೂ ಅಲ್ಲದೆ ಪಾಲಿಮಾರ್ಫ್ ಮಂತ್ರ ಹಾಕಿ ನನ್ನನ್ನು ಎರಡು ಸಲ ಕುರಿ ಮಾಡಿದಿರಿ. ಪಾಲಿಮಾರ್ಫ್ ಆದ ಕುರಿಯ ಲೈಫ್ ತಾನಾಗಿಯೇ ತುಂಬಿಕೊಳ್ಳುತ್ತದೆ ಅಂತ ಮೇಜ್ ಆಡುವವರಿಗೆ ನಾನು ಹೇಳಬೇಕಾ?

ಕುಂಬಾರಗುಡ್ಡ | ರಾತ್ರಿ 11:24

ಕುರಿ ಮಾಡಿದ್ದು ಅಕ್ಕನಿಗೆ ಅಂತ ಒತ್ತಿದ್ದು. ಟಾರ್ಗೆಟ್ ತಪ್ಪಿತು. ಒಂದು ಸಲ.

ರಾಯಚೂರು_ರಕ್ತ | ರಾತ್ರಿ 11:25

ಎರಡು ಸಲ, ಅಣ್ಣ.

ಮುನಿರಾಬಾದ್_ಕರಡಿ | ಕೊಪ್ಪಳ ಜಿಲ್ಲೆ | ಮಂಗಳವಾರ ಬೆಳಿಗ್ಗೆ 6:40

ರಾತ್ರಿ ಪಾಳಿ ಮುಗಿಸಿ ಬಂದು ಓದಿದೆ. "ಟ್ಯಾಂಕ್ ಬೇಡ" ಅಂತ ಒಂದೇ ಮಾತಿನಲ್ಲಿ ಆರು ಸ್ಪೆಕ್ ಕಟ್ಟಿ ಬಿಸಾಕುತ್ತಿದ್ದೀರಿ. ಆರೂ ಒಂದೇ ಅಲ್ಲ ಮಕ್ಕಳಾ.

ನನ್ನ ಗಾರ್ಡಿಯನ್ ಡ್ರುಯಿಡ್ (ಕರಡಿ ರೂಪದ ಟ್ಯಾಂಕ್) ನಿಂತಿರುವುದು ಆರ್ಮರ್ ಮೇಲೆ. ರೋಗ್ ಬಂದು ಕತ್ತಿ ಹಾಕಿದರೆ ಚರ್ಮ ಗೀಚಿದ ಹಾಗೆ. ಅದೇ ಮೇಜ್ ಬಂದರೆ ಆ ಆರ್ಮರ್ ಲೆಕ್ಕಕ್ಕೇ ಇಲ್ಲ, ಮ್ಯಾಜಿಕ್ ಅದನ್ನು ಕೇಳುವುದೇ ಇಲ್ಲ. ವಾರಿಯರ್‌ಗೆ ಗುರಾಣಿ. ರಕ್ತದ ಹುಡುಗನಿಗೆ ಹೀಲ್. ಒಂದೇ ನರ್ಫ್ (ಬಲ ಕುಗ್ಗಿಸುವ ಬದಲಾವಣೆ) ಎಲ್ಲರಿಗೂ ಹಾಕಿದರೆ ಒಬ್ಬನಿಗೆ ಇರುವೆ ಕಚ್ಚಿದ ಹಾಗೆ, ಇನ್ನೊಬ್ಬನ ಸೊಂಟವೇ ಮುರಿದ ಹಾಗೆ.

ಬ್ರೂಮಾಸ್ಟರ್ ಮಂಕ್ ಕಥೆ ಬೇರೆ. ನಮ್ಮ ಮನೆ ಮಾಳಿಗೆಯಿಂದ ತುಂಗಭದ್ರಾ ಡ್ಯಾಂ ಕಾಣುತ್ತದೆ, ಅದನ್ನೇ ತೋರಿಸಿ ನನ್ನ ಮಗನಿಗೆ ಸ್ಟ್ಯಾಗರ್ ಅರ್ಥ ಮಾಡಿಸಿದೆ. ಹೊಳೆ ಬಂದಷ್ಟೂ ಒಮ್ಮೆಲೇ ಕೆಳಗೆ ಹೋಗುವುದಿಲ್ಲ. ಒಂದಿಷ್ಟು ಒಳಗೆ ನಿಲ್ಲುತ್ತದೆ, ಕಾಲುವೆಗೆ ಸ್ವಲ್ಪ ಸ್ವಲ್ಪ ಹರಿಯುತ್ತದೆ. ಮಂಕ್ ತಿಂದ ಪೆಟ್ಟೂ ಹಾಗೇ. ಒಂದು ಪಾಲು ಆಗಲೇ ತಗಲುತ್ತದೆ, ಉಳಿದದ್ದು ಕೆಲವು ಸೆಕೆಂಡು ತೊಟ್ಟಿಕ್ಕುತ್ತದೆ. ಪ್ಯೂರಿಫೈಯಿಂಗ್ ಬ್ರೂ ಕುಡಿದರೆ ಒಳಗೆ ನಿಂತದ್ದರಲ್ಲಿ ಒಂದಿಷ್ಟು ಮಾಯ. ಕುಡಿಯಲು ಬಿಡದೆ ಸ್ಟನ್ ಮಾಡಿಟ್ಟರೆ, ಅಂದರೆ ಕೈಕಾಲು ಆಡದ ಹಾಗೆ ಮಾಡಿಟ್ಟರೆ? 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದ ರಾತ್ರಿ ನೆನಪಿದೆಯಲ್ವಾ. 33 ಗೇಟಿನಲ್ಲಿ ಹೋದದ್ದು ಒಂದೇ, ಅಷ್ಟಕ್ಕೇ ಇಡೀ ಊರು ಹೊಳೆ ಕಡೆ ನೋಡುತ್ತಾ ಕೂತಿತ್ತು.

ಇನ್ನೊಂದು ಮಾತು. ಈ ಜಗಳ ನಿನ್ನೆಯದಲ್ಲ. 2007ರಲ್ಲಿ ಬರ್ನಿಂಗ್ ಕ್ರುಸೇಡ್ ಅನ್ನುವ ವಿಸ್ತರಣೆ ಜೊತೆ ಅರೆನಾ ಬಂದಾಗಿನಿಂದ ಇದೆ. 2010ರಲ್ಲಿ ಕ್ಯಾಟಕ್ಲಿಸಂ ಬಂತು, ಟ್ಯಾಂಕ್‌ಗಳಿಗೆ ವೆಂಜೆನ್ಸ್ ಅಂತ ಕೊಟ್ಟರು. ಪೆಟ್ಟು ತಿಂದಷ್ಟೂ ತೋಳಿಗೆ ಬಲ ಬರುವುದು. ಬಾಸ್ ಮುಂದೆ ಅದು ಸರಿ. ಆಮೇಲೆ 2014ರಲ್ಲಿ ಅದನ್ನು ತೆಗೆದು ರಿಸಾಲ್ವ್ ಇಟ್ಟರು. ಪೆಟ್ಟು ತಿಂದರೆ ಹೊಡೆತ ಏರುವುದಿಲ್ಲ, ತನ್ನನ್ನು ತಾನು ಉಳಿಸಿಕೊಳ್ಳುವ ಶಕ್ತಿ ಮಾತ್ರ ಏರುತ್ತದೆ. ಟ್ಯಾಂಕ್‌ಗೆ ಎರಡು ಕೈ ಇವೆ, ಒಂದು ಹೊಡೆಯುವುದು, ಒಂದು ತಡೆಯುವುದು. ಎರಡನ್ನೂ ಒಟ್ಟಿಗೆ ಬಲ ಮಾಡಬಾರದು ಅನ್ನುವುದನ್ನು ಕಲಿಯಲು ಅವರಿಗೇ ವರ್ಷಗಳು ಬೇಕಾದವು. ನೀವು ಒಂದು ರಾತ್ರಿಯಲ್ಲಿ ತೀರ್ಮಾನ ಮಾಡಬೇಡಿ.

ಮಲಗುತ್ತೇನೆ. ಸಂಜೆ ಬರುತ್ತೇನೆ.

ಗಂಗಾವತಿ_ಗುರಾಣಿ | ಗಂಗಾವತಿ | ಮಂಗಳವಾರ ಮಧ್ಯಾಹ್ನ 1:15

ಕಾಕಾ ಹೇಳಿದ್ದಕ್ಕೆ ಸೇರಿಸುತ್ತೇನೆ. ನಾನು ಪ್ರೊಟೆಕ್ಷನ್ ವಾರಿಯರ್. ಅರೆನಾ ಒಂದನ್ನೇ ನೋಡಿ ಟ್ಯಾಂಕ್ ಅಳೆಯಬೇಡಿ.

ವಾರ್‌ಸಾಂಗ್ ಗಲ್ಚ್ ಮ್ಯಾಪ್‌ಗೆ ಬನ್ನಿ. ಹತ್ತು ಜನಕ್ಕೆ ಹತ್ತು ಜನ, ಮೂರು ಸಲ ಬಾವುಟ ತಂದವರು ಗೆದ್ದರು. ಬಾವುಟ ಹಿಡಿದು ಓಡುವುದು ಯಾರು? ನಮ್ಮಂಥವರೇ. ಅಲ್ಲಿ ಟ್ಯಾಂಕ್ ಮೇಲೆ ಯಾರಿಗೂ ಸಿಟ್ಟಿಲ್ಲ, ಯಾಕೆಂದರೆ ಅವನಿಗೊಂದು ಕೆಲಸ ಇದೆ. ನನ್ನನ್ನು ಕೊಲ್ಲಲು ಆಗದಿದ್ದರೂ ನಿಧಾನ ಮಾಡಬಹುದು, ದಾರಿ ಕಟ್ಟಬಹುದು, ನನ್ನ ಹೀಲರ್‌ನನ್ನು ಬಡಿಯಬಹುದು.

ಆಟ ಕಟ್ಟಿದವರು ಅಲ್ಲಿ ಟ್ಯಾಂಕ್ ಕ್ಲಾಸ್‌ಗೆ ಕೈ ಹಾಕಲಿಲ್ಲ. ಬಾವುಟಕ್ಕೇ ಬೆಲೆ ಕಟ್ಟಿದರು. ಎರಡೂ ಬಾವುಟ ಬಹಳ ಹೊತ್ತು ಕೈಯಲ್ಲೇ ಉಳಿದರೆ ಹಿಡಿದವನ ಮೇಲೆ ಬೀಳುವ ಪೆಟ್ಟು ಏರುತ್ತಾ ಹೋಗುತ್ತದೆ. ಪ್ಯಾಲಡಿನ್ ಡಿವೈನ್ ಶೀಲ್ಡ್ ಹಾಕಿದನೋ, ಬಾವುಟ ಕೆಳಗೆ. ರೋಗ್ ಮಾಯವಾದನೋ, ಬಾವುಟ ಕೆಳಗೆ. ಎಷ್ಟು ಚಂದದ ನಿಯಮ ನೋಡಿ. "ಬದುಕಬೇಕಾ? ಬದುಕು. ಬಾವುಟ ಬಿಟ್ಟು ಬದುಕು."

ಇಬ್ಬರಿಗೆ ಇಬ್ಬರು ಇರುವ ಅರೆನಾದಲ್ಲಿ ಬಾವುಟ ಇಲ್ಲ. ಟ್ಯಾಂಕ್‌ಗೆ ಸಾಯದೇ ಇರುವುದೇ ಕೆಲಸ. ಅದಕ್ಕೇ ನೋಡುವವರಿಗೆ ಬೇಸರ, ಆಡುವವರಿಗೆ ತಲೆನೋವು. ನಮ್ಮ ಪಂದ್ಯದ ಮ್ಯಾಪ್ ಬದಲಿಸಿ ಅಂತ ನಾನು ಮೂರು ತಿಂಗಳಿಂದ ಹೇಳುತ್ತಿದ್ದೇನೆ. ಇಪ್ಪತ್ತು ಜನ ಸೇರಿದ ದಿನ ನೋಡೋಣ ಅನ್ನುತ್ತೀರಿ. ಭತ್ತದ ಕಟಾವು ಮುಗಿಯುವವರೆಗೆ ನಮ್ಮ ಕಡೆಯಿಂದ ಐದು ಜನವೂ ಸಿಗುವುದಿಲ್ಲ, ಅದು ಬೇರೆ ಮಾತು.

ಒಗ್ಗರಣೆ_ಮಿರ್ಚಿ | ಮಂಗಳವಾರ ಮಧ್ಯಾಹ್ನ 1:30

ಬಾಸ್‌ಗೆ ಹಾಕುವ ಟಾಂಟ್ (ಕೆಣಕಿ ತನ್ನ ಕಡೆ ತಿರುಗಿಸುವುದು) ಆಟಗಾರನಿಗೆ ಹಾಕಿದರೆ ಏನಾಗುತ್ತದೆ? ನಗುತ್ತಾನೆ. ಅಷ್ಟೇ. ಟ್ಯಾಂಕ್‌ಗೆ ಅರೆನಾದಲ್ಲಿ ಕೆಲಸ ಇಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಗಂಗಾವತಿ_ಗುರಾಣಿ | ಮಂಗಳವಾರ ಮಧ್ಯಾಹ್ನ 1:42

ತಪ್ಪು. 2016ರ ಲೀಜನ್ ವಿಸ್ತರಣೆಯಿಂದ ಟಾಂಟ್ ಬದಲು ಹಾಕಿಕೊಳ್ಳುವ ಪಿವಿಪಿ (ಆಟಗಾರರ ಮೇಲೆ ಆಟಗಾರರು) ಟ್ಯಾಲೆಂಟ್ ಬಂದಿದೆ. ವಾರಿಯರ್‌ಗೆ ಒಪ್ರೆಸರ್, ರಕ್ತಕ್ಕೆ ಮರ್ಡರಸ್ ಇಂಟೆಂಟ್, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಹೆಸರು. ಯಾರ ಮೇಲೆ ಹಾಕುತ್ತೇವೋ ಅವನಿಗೆ 6 ಸೆಕೆಂಡು 3% ಜಾಸ್ತಿ ಪೆಟ್ಟು. ಬೇರೆ ಬೇರೆ ಆಟಗಾರರು ಅವನನ್ನೇ ಹೊಡೆದರೆ ಇನ್ನೂ 3% ಸೇರುತ್ತಾ ಹೋಗುತ್ತದೆ, ಐದು ಸಲದವರೆಗೆ. "ಎಲ್ಲರೂ ಇವನನ್ನೇ ಹೊಡೆಯಿರಿ" ಅಂತ ಬೆರಳು ತೋರಿಸುವ ಕೆಲಸ. ಇಬ್ಬರ ಆಟದಲ್ಲಿ ಇದು ಪುಡಿ ಕಾಸು. ಹತ್ತು ಜನ ಇದ್ದರೆ ಮಜಾ ನೋಡು.

ಭತ್ತದ_ಗದ್ದೆ | ಸಿಂಧನೂರು | ಮಂಗಳವಾರ ರಾತ್ರಿ 9:05

ನಾನು ಫೈನಲ್‌ನ ಹೀಲರ್. ಮಕ್ಕಳ ಉತ್ತರ ಪತ್ರಿಕೆ ತಿದ್ದಿ ಈಗ ಕೂತೆ. ಎಲ್ಲರೂ ಕಥೆ ಹೇಳಿದಿರಿ, ಒಬ್ಬರೂ ಲೆಕ್ಕ ಮಾಡಲಿಲ್ಲ. ಅಂಕಿಗಳು ಉದಾಹರಣೆಗೆ ಮಾತ್ರ, ಆಟದ ಒಳಗಿನವಲ್ಲ.

ಟ್ಯಾಂಕ್‌ಗೆ 10 ಲಕ್ಷ ಲೈಫ್ ಅಂದುಕೊಳ್ಳಿ. ಬರುವ ಪೆಟ್ಟಿನಲ್ಲಿ 50% ತಡೆದರೆ ಅವನನ್ನು ಕೊಲ್ಲಲು 20 ಲಕ್ಷದ ಪೆಟ್ಟು ಸುರಿಯಬೇಕು. 60% ತಡೆದರೆ 25 ಲಕ್ಷ. 70% ತಡೆದರೆ 33 ಲಕ್ಷ ಚಿಲ್ಲರೆ. 80% ತಡೆದರೆ 50 ಲಕ್ಷ. ಪ್ರತಿ ಸಲ ಸೇರಿಸಿದ್ದು ಬರೀ ಹತ್ತು. ಮೊದಲ ಹತ್ತಕ್ಕೆ 5 ಲಕ್ಷ ಏರಿತು, ಕೊನೆಯ ಹತ್ತಕ್ಕೆ ಹದಿನಾರು ಹದಿನೇಳು ಲಕ್ಷ ಏರಿತು. "ಬರೀ ಹತ್ತು ಪರ್ಸೆಂಟ್ ಕೊಟ್ಟಿದ್ದಾರೆ" ಅಂತ ಯಾರಾದರೂ ಅಂದರೆ, ಎಷ್ಟರ ಮೇಲೆ ಹತ್ತು ಅಂತ ಕೇಳಿ.

ಈಗ ಹೀಲ್ ಸೇರಿಸೋಣ. ನೀವಿಬ್ಬರೂ ಸೇರಿ ಸೆಕೆಂಡಿಗೆ 1 ಲಕ್ಷ ಹೊಡೆಯುತ್ತೀರಿ. ಟ್ಯಾಂಕ್ 70% ತಡೆಯುತ್ತಾನೆ, ತಗಲುವುದು 30 ಸಾವಿರ. ತಾನೇ 20 ಸಾವಿರ ಹೀಲ್ ಮಾಡಿಕೊಳ್ಳುತ್ತಾನೆ. ನಿವ್ವಳ 10 ಸಾವಿರ ಇಳಿಯುತ್ತದೆ, 100 ಸೆಕೆಂಡಿಗೆ ಸಾಯುತ್ತಾನೆ. ಇಬ್ಬರಲ್ಲಿ ಒಬ್ಬರನ್ನು ಯಾರೋ ಸ್ಟನ್ ಮಾಡಿದರು, ನಿಮ್ಮ ಹೊಡೆತ 60 ಸಾವಿರಕ್ಕೆ ಇಳಿಯಿತು. ತಗಲುವುದು 18 ಸಾವಿರ, ಹೀಲ್ 20 ಸಾವಿರ. ಇನ್ನು ಅವನು ಬೆಳಗಾಗುವವರೆಗೂ ಸಾಯುವುದಿಲ್ಲ. ಇದು ಗುಣಾಕಾರ ಅಲ್ಲ, ಕಳೆಯುವ ಲೆಕ್ಕ. ಹೊಸ್ತಿಲ ಈಚೆ ಇದ್ದರೆ ಸಾಯುತ್ತಾನೆ, ಆಚೆ ಇದ್ದರೆ ಸಾಯುವುದೇ ಇಲ್ಲ. ಟ್ಯಾಂಕ್‌ಗಳನ್ನು ಸರಿತೂಗಿಸುವುದು ಯಾಕೆ ಕಷ್ಟ ಅಂದರೆ ಇದಕ್ಕೇ. ಸ್ವಲ್ಪ ಕಡಿಮೆ ಮಾಡಿದರೆ ಕಾಗದದ ಹುಲಿ, ಸ್ವಲ್ಪ ಬಿಟ್ಟರೆ ಚಿರಂಜೀವಿ.

ಇನ್ನು ಯಾರೂ ಹೇಳದ ಮಾತು. ಆ ಹನ್ನೊಂದು ನಿಮಿಷದಲ್ಲಿ ನಾನು ತಮ್ಮನಿಗೆ ಹೀಲ್ ಹಾಕಿದ್ದು ಬಹಳ ಕಡಿಮೆ. ಅವನು ತನ್ನ ಹೊಟ್ಟೆ ತಾನೇ ನೋಡಿಕೊಳ್ಳುತ್ತಿದ್ದ. ನನ್ನ ಎರಡೂ ಕೈ ಖಾಲಿ. ಖಾಲಿ ಕೈಯಲ್ಲಿ ಏನು ಮಾಡಿದೆ? ಮಿರ್ಚಿಯ ಬೆನ್ನು ಹತ್ತಿ ಬಡಿದೆ. ಹ್ಯಾಮರ್ ಆಫ್ ಜಸ್ಟಿಸ್‌ನಿಂದ ಗುಡ್ಡವನ್ನು 6 ಸೆಕೆಂಡು ಸ್ಟನ್ ಮಾಡಿದೆ. ಅದು ಮತ್ತೆ ಬರುವವರೆಗೆ ಕಾದೆ, ಮತ್ತೆ ಮಾಡಿದೆ. ನಿಮ್ಮನ್ನು ಸೋಲಿಸಿದ್ದು ಟ್ಯಾಂಕ್ ಅಲ್ಲ. ಟ್ಯಾಂಕ್‌ನಿಂದ ಬಿಡುವು ಸಿಕ್ಕ ಹೀಲರ್.

ಒಗ್ಗರಣೆ_ಮಿರ್ಚಿ | ಮಂಗಳವಾರ ರಾತ್ರಿ 9:11

ಬೆನ್ನು ಇನ್ನೂ ನೋಯುತ್ತಿದೆ ಅಕ್ಕ.

ಕುಂಬಾರಗುಡ್ಡ | ಮಂಗಳವಾರ ರಾತ್ರಿ 10:30

ಅಕ್ಕ ಹೇಳಿದ ಮೇಲೆ ರೆಕಾರ್ಡಿಂಗ್ ಇನ್ನೊಮ್ಮೆ ನೋಡಿದೆ. ನಿಜ. ನನ್ನ ಪರದೆಯಲ್ಲಿ ನಾನು ಬರೀ ಟ್ಯಾಂಕ್ ಲೈಫ್ ನೋಡುತ್ತಾ ಕೂತಿದ್ದೇನೆ. ಅಕ್ಕ ಎಲ್ಲಿದ್ದಾರೆ ಅಂತ ಒಮ್ಮೆಯೂ ಕ್ಯಾಮೆರಾ ತಿರುಗಿಸಿಲ್ಲ. ಕುರಿ ಎರಡು ಸಲ ತಪ್ಪಿದ್ದೂ ನಿಜ, ತಮ್ಮಾ.

ಪೂರ್ತಿ ನಿಷೇಧ ಬೇಡ, ಮಾತು ವಾಪಸ್ ತೆಗೆದುಕೊಂಡೆ. ಆದರೆ ಏನಾದರೂ ಬೇಕಲ್ವಾ? ಟ್ಯಾಂಕ್‌ಗೆ 25% ಜಾಸ್ತಿ ಪೆಟ್ಟು ತಗಲುವ ಹಾಗೆ ನಾವೇ ಹೇಗಾದರೂ ಮಾಡಿಕೊಂಡರೆ? ಒಂದೆರಡು ಗೇರ್ (ಪಾತ್ರ ತೊಟ್ಟ ಕವಚ, ಆಯುಧ) ಬಿಚ್ಚಿ ಬರಲಿ.

ನಮ್ಮೂರ ಕೋಟೆ ಕಥೆ ಗೊತ್ತಲ್ಲ. ಹೈದರಾಲಿ ಒಬ್ಬ ಫ್ರೆಂಚ್ ಎಂಜಿನಿಯರ್ ಹತ್ತಿರ ಬಳ್ಳಾರಿ ಕೋಟೆ ಸರಿಮಾಡಿಸಿದನಂತೆ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ. ಅಲ್ಲಿಂದ ಒಳಗಿರುವುದೆಲ್ಲ ಕಾಣುತ್ತದೆ. ಎಂಜಿನಿಯರ್‌ನನ್ನು ಗಲ್ಲಿಗೆ ಹಾಕಿಸಿದ ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ನನ್ನ ಹೆಸರು ಅಲ್ಲಿಂದಲೇ ಬಂದದ್ದು. ಪ್ರತಿ ಟ್ಯಾಂಕ್‌ಗೂ ಎದುರಿಗೆ ಒಂದು ಕುಂಬಾರ ಗುಡ್ಡ ಇರಬೇಕು ಅನ್ನುವುದಷ್ಟೇ ನನ್ನ ಬೇಡಿಕೆ.

ಒಗ್ಗರಣೆ_ಮಿರ್ಚಿ | ಮಂಗಳವಾರ ರಾತ್ರಿ 10:34

ಗುಡ್ಡ ಇತ್ತು. ಕುರಿ ಕಾಯುತ್ತಿತ್ತು.

ಭತ್ತದ_ಗದ್ದೆ | ಮಂಗಳವಾರ ರಾತ್ರಿ 10:52

25% ಲೆಕ್ಕ ಹಾಕಿದೆ. ತಗಲುವ 30 ಸಾವಿರ 37,500 ಆಯಿತು. ಒಂಟಿ ಟ್ಯಾಂಕ್ ತನ್ನ 20 ಸಾವಿರ ಹೀಲ್‌ನಲ್ಲಿ 57 ಸೆಕೆಂಡಿಗೆ ಸತ್ತ. ಮೊದಲು 100 ಇತ್ತು, ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು. ಈಗ ಅವನ ಪಕ್ಕ ನಾನಿದ್ದೇನೆ, 25 ಸಾವಿರ ಹೀಲ್ ಹಾಕುತ್ತೇನೆ. ಒಟ್ಟು 45 ಸಾವಿರ. 37,500ಕ್ಕೆ ಅವನು ಸಾಯುತ್ತಾನಾ? ಇಲ್ಲ.

ಅಂದರೆ ನಿಮ್ಮ ನಿಯಮ ತಪ್ಪು ಮಾಡದ ಒಂಟಿ ಟ್ಯಾಂಕ್‌ನನ್ನು ಕೊಲ್ಲುತ್ತದೆ, ತೊಂದರೆ ಕೊಟ್ಟ ಜೋಡಿಗೆ ಏನೂ ಮಾಡುವುದಿಲ್ಲ.

ಅರೆನಾದಲ್ಲಿ ಡ್ಯಾಂಪನಿಂಗ್ ಇದೆಯಲ್ಲ, ಹೊತ್ತು ಕಳೆದಂತೆ ಎಲ್ಲರ ಹೀಲ್ ಕುಗ್ಗುವುದು, ಅದು ಹೆಚ್ಚು ಸರಿ. ಹೀಲ್ 40% ಕುಗ್ಗಿದಾಗ ನಮ್ಮ 45 ಸಾವಿರ 27 ಸಾವಿರ ಆಗುತ್ತದೆ. 30 ಸಾವಿರ ತಗಲುತ್ತದೆ. ಆಗ ಮೊದಲ ಸಲ ಲೈಫ್ ಇಳಿಯಲು ಶುರು.

ಮುನಿರಾಬಾದ್_ಕರಡಿ | ಬುಧವಾರ ಬೆಳಿಗ್ಗೆ 6:55

ಡ್ಯಾಂಪನಿಂಗ್ ಕುಗ್ಗಿಸುವುದು ಹೀಲನ್ನು. ನನ್ನ ಆರ್ಮರ್‌ಗೆ ಅದು ಏನೂ ಮಾಡುವುದಿಲ್ಲ. ಹೊತ್ತು ಹೋದಂತೆ ರಕ್ತದ ಹುಡುಗ ಒಣಗುತ್ತಾನೆ, ಕರಡಿ ಹಾಗೇ ಕೂತಿರುತ್ತದೆ, ಎದುರಿಗೆ ಇಬ್ಬರೂ ಕತ್ತಿಯವರೇ ಇದ್ದರೆ. ನನಗೆ ಲಾಭದ ಮಾತೇ, ಆದರೂ ಹೇಳಬೇಕಲ್ವಾ ಅಂತ ಹೇಳಿದೆ.

ಗೇರ್ ಬಿಚ್ಚುವುದು ಬೇಡವೇ ಬೇಡ. ಲೀಜನ್ ಕಾಲದಲ್ಲಿ ಪಿವಿಪಿಗೆ ಟೆಂಪ್ಲೇಟ್ ಇತ್ತು. ಯಾರ ಗೇರ್ ಎಷ್ಟೇ ಇರಲಿ, ಸ್ಪೆಕ್‌ಗೆ ಇಷ್ಟು ಅಂತ ಸ್ಟ್ಯಾಟ್ (ಬಲದ ಅಂಕಿ). ಸರಿತೂಗಿಸಲು ಸುಲಭ ಇತ್ತು. ಆದರೆ ದುಡಿದು ತಂದ ಗೇರ್‌ಗೆ ಬೆಲೆ ಇಲ್ಲ ಅಂತ ಜನ ಗೊಣಗಿದರು. 2018ರಲ್ಲಿ ಅದು ಹೋಯಿತು. ನಾನೂ ಗೊಣಗಿದವರಲ್ಲಿ ಒಬ್ಬ.

ರಾಯಚೂರು_ರಕ್ತ | ಬುಧವಾರ ರಾತ್ರಿ 11:45

ಗುಡ್ಡದ ಅಣ್ಣ, ನಾನು ಇಬ್ಬರೂ ಈಗಷ್ಟೇ ಆಟದೊಳಗಿನ ಓರ್ಗ್ರಿಮಾರ್ ಊರಿನ ಗೇಟಿನ ಮುಂದೆ ಹತ್ತು ಡ್ಯುಯೆಲ್ ಆಡಿದೆವು. ಹೀಲರ್ ಇಲ್ಲ, ಒಬ್ಬರಿಗೆ ಒಬ್ಬರು. ಆರು ನಾನು ಗೆದ್ದೆ, ನಾಲ್ಕು ಅಣ್ಣ.

ಮೊದಲ ನಾಲ್ಕರಲ್ಲಿ ಅಣ್ಣ ಹಳೇ ಚಾಳಿ ಬಿಡಲಿಲ್ಲ. ಎಲ್ಲ ಸುರಿದು ಹತ್ತಿರ ನಿಂತರು, ನಾಲ್ಕೂ ಸೋತರು. ಐದನೆಯದರಲ್ಲಿ ಬೇರೆ ಮಾಡಿದರು. ಮೊದಲು ಸುಮ್ನೆ ಎರಡು ಸಣ್ಣ ಪೆಟ್ಟು ಕೊಟ್ಟು ದೂರ ಓಡಿದರು. ನಾನು ಆಸೆಗೆ ಬಿದ್ದು ಡೆತ್ ಗ್ರಿಪ್ ಹಾಕಿ ಎಳೆದೆ. ಎಳೆದ ಮರುಕ್ಷಣ ಫ್ರಾಸ್ಟ್ ನೋವಾ, ನನ್ನ ಕಾಲು ನೆಲಕ್ಕೆ ಅಂಟಿತು, ಅಣ್ಣ ಬ್ಲಿಂಕ್ ಮಾಡಿ ಆಚೆ. ಆಮೇಲೆ ಬರ್ಸ್ಟ್ (ದೊಡ್ಡ ಪೆಟ್ಟೆಲ್ಲ ಒಟ್ಟಿಗೆ) ಸುರಿದರು. ಡೆತ್ ಸ್ಟ್ರೈಕ್ ಹೊಡೆಯಲು ಕೈಗೆಟಕುವಷ್ಟು ಹತ್ತಿರ ಯಾರಾದರೂ ಬೇಕು. ಯಾರೂ ಇಲ್ಲ. ಗ್ರಿಪ್ ಮುಗಿದಿದೆ. ಆ ಐದು ಸೆಕೆಂಡಿನ ಪೆಟ್ಟು ನನ್ನ ಲೆಕ್ಕದಿಂದ ಒಂದೊಂದೇ ಜಾರಿ ಹೋಗುವುದನ್ನು ನಾನು ನೋಡುತ್ತಾ ನಿಂತಿದ್ದೆ. ಕಾಲು ಬಿಟ್ಟು ಓಡಿ ಹೋಗಿ ಹೊಡೆದಾಗ ಸಿಕ್ಕಿದ್ದು ಬಿಡಿಗಾಸು.

ಅಣ್ಣ ಗೆದ್ದ ನಾಲ್ಕೂ ಹೀಗೇ. ನಾನು ಆರನೆಯದರಿಂದ ಗ್ರಿಪ್ ಹಿಡಿದಿಟ್ಟುಕೊಂಡೆ. ಆದರೂ ಮೂರು ಸಲ ಕೈ ತಡೆಯಲಿಲ್ಲ. ನನ್ನ ಪಿಂಗ್ (ನೆಟ್ ತಡ) 180 ಇತ್ತು ಅಂತಲೂ ಬರೆದಿಡಿ.

ಕುಂಬಾರಗುಡ್ಡ | ಗುರುವಾರ ಬೆಳಿಗ್ಗೆ 8:10

ನನ್ನ ಪಿಂಗೂ 170. ಅದು ಬಿಡು.

ಒಂಟಿ ಟ್ಯಾಂಕ್ ಸಾಯುತ್ತಾನೆ ಅಂತ ಕಣ್ಣಾರೆ ನೋಡಿಯಾಯಿತು. ಹಾಗಾಗಿ ನಿಯಮ ಹೀಗೆ ಇಡೋಣ. ಇಬ್ಬರಿಗೆ ಇಬ್ಬರು ಆಡುವಾಗ ಟ್ಯಾಂಕ್ ಬರಬಹುದು, ಜೊತೆಗೆ ಹೀಲರ್ ಇರಬಾರದು. ಮೂವರಿಗೆ ಮೂವರು ಆಡುವಾಗ ಹೀಲರ್ ಇರಲಿ, ಒಂದು ತಂಡಕ್ಕೆ ಒಂದೇ ಟ್ಯಾಂಕ್. ಗೇರ್ ಯಾರೂ ಬಿಚ್ಚುವುದಿಲ್ಲ. ಅಕ್ಕ, ಒಪ್ಪಿಗೆಯಾ?

ಭತ್ತದ_ಗದ್ದೆ | ಗುರುವಾರ ಮಧ್ಯಾಹ್ನ 12:40

ಒಪ್ಪಿಗೆ. ಈ ಭಾನುವಾರ ನಾನು ನಿಮ್ಮ ತಂಡಕ್ಕೆ ಬರುತ್ತೇನೆ. ನಿಮಗೆ ಹೀಲ್ ಹಾಕಿದರೆ ನನ್ನ ಕೈ ಒಂದು ನಿಮಿಷವೂ ಖಾಲಿ ಇರುವುದಿಲ್ಲ ಅಂತ ಈಗಲೇ ಗೊತ್ತು.

ಮುನಿರಾಬಾದ್_ಕರಡಿ | ಗುರುವಾರ ಸಂಜೆ 5:30

ಕರಡಿ ಅರ್ಧ ಹೊತ್ತು ರೂಪ ಬಿಟ್ಟು ತಾನೇ ಹೀಲ್ ಹಾಕಿದರೆ ಅದು ಟ್ಯಾಂಕಾ, ಹೀಲರ್ರಾ? ಇದನ್ನು ಬರೆಯದೆ ಬಿಟ್ಟಿದ್ದೀರಿ. ನಾನು ಕೇಳಲಿಲ್ಲ ಅಂತ ಆಮೇಲೆ ಅನ್ನಬೇಡಿ.

ಗಂಗಾವತಿ_ಗುರಾಣಿ | ಗುರುವಾರ ಸಂಜೆ 5:48

ಸ್ಪೆಕ್ ನೋಡೋಣ ಕಾಕಾ, ರೂಪ ಅಲ್ಲ. ಗಾರ್ಡಿಯನ್ ಅಂದರೆ ಟ್ಯಾಂಕ್. ಮತ್ತೆ ವಾರ್‌ಸಾಂಗ್ ಯಾವಾಗ?

ಒಗ್ಗರಣೆ_ಮಿರ್ಚಿ | ಗುರುವಾರ ಸಂಜೆ 5:50

ಭತ್ತ ಕೊಯ್ದ ಮೇಲೆ. ಭಾನುವಾರ ಎಂಟಕ್ಕೆ ಶುರು. ಏಳೂವರೆಗೆ ಕರೆಂಟ್ ಇದೆಯಾ ಇಲ್ಲವಾ ಅಂತ ಎಲ್ಲರೂ ಇಲ್ಲೇ ತಿಳಿಸಿ. ಈ ಸಲ ಮಿರ್ಚಿ ಪಂದ್ಯ ಮುಗಿದ ಮೇಲೆ ತರಿಸುತ್ತೇನೆ.